ವಿಶ್ವವಿದ್ಯಾಲಯದ ಲೈಬ್ರರಿ ಕೆಲಸ ಮತ್ತು ಒತ್ತಡ: ಕಾಸರಗೋಡು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ 2009ರಿಂದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಜಿಲ್ಲೆಯ ಉಳಿದ ಹಲವು ಕಾಲೇಜುಗಳು 1996ರಲ್ಲಿ ಶುರುವಾದ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿವೆ. ವಿದ್ಯಾನಗರದ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು ಎಲ್ಲ ಅದರಲ್ಲೇ ಬರುತ್ತವೆ. ಇಂಥ ಲೈಬ್ರರಿಗಳಲ್ಲಿ ದುಡಿಯುವ ಕನ್ನಡಿಗರು ಸಿಕ್ಕಾಗ, ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನೂ ಇದೇ ಕೆಲಸದವಳು. ಇಲ್ಲಿ ಬರೆದದ್ದು ಯಾವ ಒಂದು ಸಂಸ್ಥೆಯ ಮೇಲಿನ ದೂರೂ ಅಲ್ಲ.

ಲೈಬ್ರರಿಯಲ್ಲಿ ಎಂಥ ಒತ್ತಡ? ಸುಮ್ನೆ ಕೂತು ಪುಸ್ತಕ ಕೊಡೋದಲ್ವಾ?

ಮನೆಯವರೂ ಕೇಳುತ್ತಾರೆ, ಬೇರೆ ವಿಭಾಗದ ಮೇಷ್ಟ್ರುಗಳೂ ಕೇಳುತ್ತಾರೆ. ಹೊರಗಿನಿಂದ ನೋಡಿದರೆ ಲೈಬ್ರರಿ ಸದ್ದಿಲ್ಲದ ಜಾಗ. ಒಳಗೆ ಬಿಲ್ಲು, ಟೆಂಡರು, ಸರ್ವರ್, ಥೀಸಿಸ್, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಲೆಕ್ಕ, ಕಾಣೆಯಾದ ಪುಸ್ತಕ, ಪರೀಕ್ಷೆ ಸಮಯದ ಉದ್ದ ಪಾಳಿ, ಎಲ್ಲ ಒಂದೇ ಮೇಜಿನ ಮೇಲೆ ಇರುತ್ತದೆ.

ಎಸ್.ಆರ್. ರಂಗನಾಥನ್ ಅವರ ವಿಷಯ ಇಲ್ಲಿ ಹೇಳಬೇಕು. ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿ ಸೇರಿದವರು. ಕಾಸರಗೋಡು ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದಾಗ ಅವರಿಗೆ ಆ ಕೆಲಸ ಸ್ವಲ್ಪವೂ ಹಿಡಿಸಲಿಲ್ಲ. ಒಂಟಿತನ ತಡೆಯಲಾಗದೆ ಪಾಠ ಮಾಡುವ ಕೆಲಸಕ್ಕೇ ವಾಪಸ್ ಕಳಿಸಿ ಎಂದು ಕೇಳಿಕೊಂಡರು. ಲಂಡನ್ನಿಗೆ ಹೋಗಿ ತರಬೇತಿ ಪಡೆದು ಬನ್ನಿ, ಆಮೇಲೂ ಬೇಡ ಅನಿಸಿದರೆ ನೋಡೋಣ ಎಂದರು ಮೇಲಿನವರು. ಅಲ್ಲಿ ಲೈಬ್ರರಿ ಏನೇನು ಮಾಡಬಲ್ಲದು ಎಂದು ಕಂಡ ಮೇಲೆ ಅವರು ಈ ಕೆಲಸ ಬಿಡಲೇ ಇಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಿಗೇ ಮೊದಲು ಈ ಕೆಲಸ ಕಷ್ಟವಾಗಿತ್ತು. ಅವರಿಗೆ ತರಬೇತಿ ಸಿಕ್ಕಿತು, ತಮ್ಮ ಲೈಬ್ರರಿಯನ್ನು ತಾವೇ ರೂಪಿಸುವ ಅವಕಾಶವೂ ಸಿಕ್ಕಿತು. ಇವತ್ತು ನಮ್ಮಲ್ಲಿ ಎಷ್ಟೋ ಜನರಿಗೆ ಆ ಎರಡೂ ಸಿಗುತ್ತಿಲ್ಲ.

ಕೆಲಸ ಜಾಸ್ತಿ ಆಗಿದ್ದೇ ಒತ್ತಡಕ್ಕೆ ಕಾರಣ ಅಲ್ವಾ?

ಅದೂ ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕೆಲಸದ ಹೊರೆ ಮೇಲಿದ್ದು, ಅದನ್ನು ಹೇಗೆ ಮಾಡಬೇಕು ಎಂದು ನಿರ್ಧರಿಸುವ ಅಧಿಕಾರ ಕೈಯಲ್ಲಿ ಇಲ್ಲದಾಗ ಒತ್ತಡ ಅತಿ ಹೆಚ್ಚು ಎಂದು ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ನಮ್ಮ ಕೆಲಸ ನೋಡಿ. ಬಾಗಿಲಲ್ಲಿ ಕಾವಲಿಗೆ ಜನ ಕೊಡುವುದು ಬೇರೆಯವರು, ಪುಸ್ತಕ ಹೋದರೆ ಉತ್ತರ ಹೇಳುವುದು ನಾವು. ನೆಟ್‌ವರ್ಕ್ ನೋಡಿಕೊಳ್ಳುವುದು ಬೇರೆಯವರು, ಜರ್ನಲ್ ತೆರೆಯದಿದ್ದರೆ ಬೈಸಿಕೊಳ್ಳುವುದು ನಾವು. ದುಡ್ಡು ಮಂಜೂರು ಮಾಡುವುದು ಬೇರೆಯವರು, ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ತಪ್ಪು ನಮ್ಮದು. ರಾತ್ರಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಇದೇ. ಹಾಗಾಗಿ ಮುಂದಿನ ಉತ್ತರಗಳಲ್ಲಿ ಮತ್ತೆ ಮತ್ತೆ ಒಂದೇ ಮಾತು ಬರುತ್ತದೆ: ಯಾವುದು ನಿಮ್ಮ ಹೊಣೆ, ಯಾವುದು ಅಲ್ಲ ಎಂದು ತಿಳಿದುಕೊಳ್ಳಿ, ಅದನ್ನು ಬರವಣಿಗೆಯಲ್ಲಿ ಇಡಿ.

ಇದು ಬರೀ ಸುಸ್ತಾ, ಬರ್ನೌಟಾ? ಗೊತ್ತಾಗೋದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಬರ್ನೌಟ್ ಬಗ್ಗೆ ವಿವರ ಕೊಟ್ಟಿತು. ಅದನ್ನು ಕಾಯಿಲೆ ಎನ್ನದೆ, ಕೆಲಸದ ಜಾಗದಲ್ಲಿ ದೀರ್ಘಕಾಲ ನಿಭಾಯಿಸಲಾಗದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬತ್ತಿದ ಹಾಗಾಗುವುದು, ಕೆಲಸದ ಬಗ್ಗೆ ಮನಸ್ಸು ದೂರ ಸರಿಯುವುದು ಅಥವಾ ಕಹಿಯಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು.

ಸುಸ್ತಾದರೆ ಎರಡು ದಿನ ರಜೆ ಹಾಕಿ ಮಲಗಿದ ಮೇಲೆ ಸರಿ ಹೋಗುತ್ತದೆ. ರಜೆ ಮುಗಿಸಿ ಬಂದ ಮೊದಲ ಬೆಳಗ್ಗೆಯೇ ಕೌಂಟರ್ ಹತ್ತಿರ ಹೋಗಲು ಎದೆ ಭಾರವಾದರೆ, ಒಳ್ಳೆಯ ಹುಡುಗ ಬಂದು ಒಳ್ಳೆಯ ಪ್ರಶ್ನೆ ಕೇಳಿದರೂ ಸಿಟ್ಟು ಬಂದರೆ, ಅದನ್ನು ಸುಸ್ತು ಎಂದು ತಳ್ಳಿಹಾಕಬೇಡಿ.

ಸ್ಟಾಕ್ ವೆರಿಫಿಕೇಶನ್‌ನಲ್ಲಿ ಪುಸ್ತಕ ಎಣಿಸಿದಾಗ ಕಡಿಮೆ ಬಂತು. ನನ್ನ ಸಂಬಳದಿಂದ ಹಿಡಿಯುತ್ತಾರಾ?

ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಈ ಹೆದರಿಕೆಯಲ್ಲೇ ವರ್ಷಗಟ್ಟಲೆ ಕಳೆದವರನ್ನು ಕಂಡಿದ್ದೇನೆ. ನಿವೃತ್ತಿ ಹತ್ತಿರ ಬಂದಾಗ ಬಂದ ಪುಸ್ತಕಗಳನ್ನೆಲ್ಲ ನಮೂದಿಸಿದ ಹಳೆಯ ಅಕ್ಸೆಶನ್ ರಿಜಿಸ್ಟರ್ ಹಿಡಿದು ಒಂದೊಂದೇ ರ‍್ಯಾಕ್ ಹುಡುಕುವವರು, ಸಿಗದ ಪುಸ್ತಕವನ್ನು ಕೈಯಿಂದ ದುಡ್ಡು ಹಾಕಿ ತಂದಿಡುವವರು ಇದ್ದಾರೆ. ಅದಕ್ಕೇ ನಿಯಮ ಏನು ಹೇಳುತ್ತದೆ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೇಂದ್ರ ಸರಕಾರದ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್ 2017, ಅದರ 215ನೇ ನಿಯಮ ಲೈಬ್ರರಿ ಪುಸ್ತಕಗಳ ಬಗ್ಗೆಯೇ ಇದೆ. ಪುಸ್ತಕಗಳ ಸಂಖ್ಯೆ 20,000 ಮೀರದ ಲೈಬ್ರರಿಯಲ್ಲಿ ಪ್ರತಿ ವರ್ಷ ಪೂರ್ತಿ ಎಣಿಕೆ ಆಗಬೇಕು. 20,000ದಿಂದ 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆಯಾದರೂ. ಅದಕ್ಕಿಂತ ದೊಡ್ಡದಾದರೆ ಮೂರು ವರ್ಷ ಮೀರದಂತೆ ಮಾದರಿ ಎಣಿಕೆ ಸಾಕು. ಈಗ ಮುಖ್ಯ ಮಾತು: ಒಂದು ವರ್ಷದಲ್ಲಿ ಓದುಗರು ಪಡೆದ ಅಥವಾ ನೋಡಿದ ಪ್ರತಿ 1,000 ಪುಸ್ತಕಕ್ಕೆ 5 ಪುಸ್ತಕ ಕಳೆದುಹೋಗುವುದು ಸಹಜ ನಷ್ಟ. ಅಪ್ರಾಮಾಣಿಕತೆ ಅಥವಾ ಅಜಾಗ್ರತೆಯಿಂದ ಆಗಿರಬಾರದು, ಅಷ್ಟೇ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಬೆಲೆ ಎಷ್ಟೇ ಇದ್ದರೂ ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಆಗಲೇಬೇಕು.

ಇಲ್ಲಿ ಲೆಕ್ಕ ಇರುವುದು ಬಳಕೆಯ ಮೇಲೆ, ಒಟ್ಟು ಪುಸ್ತಕಗಳ ಮೇಲಲ್ಲ. ಹಾಗಾಗಿ ಇಶ್ಯೂ ಆದದ್ದರ ಜೊತೆ, ಒಳಗೇ ಕೂತು ಓದಿ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳ ಲೆಕ್ಕವನ್ನೂ ದಿನಾ ಇಡಿ. ಲೈಬ್ರರಿ ಲೆಕ್ಕ ನೋಡಿಕೊಳ್ಳುವ ಕೋಹಾ ತಂತ್ರಾಂಶದಲ್ಲಿ ಒಳಬಳಕೆ ದಾಖಲಿಸುವ ಸೌಲಭ್ಯ ಇದೆ. ವಾಪಸ್ ಜೋಡಿಸುವ ಮುಂಚೆ ಬಾರ್‌ಕೋಡ್ ಒಮ್ಮೆ ಸ್ಕ್ಯಾನ್ ಮಾಡಿದರೆ ಸಾಕು. ಈ ಅಂಕಿ ಇಲ್ಲದೆ ಹೋದರೆ ಸಹಜ ನಷ್ಟದ ಲೆಕ್ಕ ತೋರಿಸಲು ಆಧಾರವೇ ಇರುವುದಿಲ್ಲ.

ಜಿಎಫ್‌ಆರ್ ಕೇಂದ್ರದ ಸಂಸ್ಥೆಗಳಿಗೆ. ರಾಜ್ಯದ ಕಾಲೇಜುಗಳಲ್ಲಿ ಅವರವರ ನಿಯಮ ಇರುತ್ತದೆ, ಆ ಪ್ರತಿಯನ್ನು ಕಚೇರಿಯಿಂದ ಕೇಳಿ ಪಡೆಯಿರಿ. ಇನ್ನೊಂದು ವಿಷಯ. ಹೊಸದಾಗಿ ಚಾರ್ಜ್ ವಹಿಸಿಕೊಳ್ಳುವಾಗ ಎಣಿಕೆ ಆಗದೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕದಲ್ಲಿ ‘ಭೌತಿಕ ಪರಿಶೀಲನೆಗೆ ಒಳಪಟ್ಟು’ ಎಂದು ಬರೆಯಿರಿ. ಸ್ವಂತ ದುಡ್ಡಲ್ಲಿ ಪುಸ್ತಕ ತಂದಿಡುವುದು ಮಾತ್ರ ಖಂಡಿತ ಬೇಡ. ತಪ್ಪು ಮಾಡದವರು ದಂಡ ಕಟ್ಟುವ ಆ ರೂಢಿ ನಿಲ್ಲಬೇಕು.

ಪಿಎಚ್‌ಡಿ ವಿದ್ಯಾರ್ಥಿಗಳು ‘ಪರ್ಸೆಂಟ್ ಕಡಿಮೆ ಮಾಡಿಕೊಡಿ ಮೇಡಂ’ ಎನ್ನುತ್ತಾರೆ. ಏನು ಹೇಳಲಿ?

ಥೀಸಿಸ್ಸಿನ ಎಷ್ಟು ಭಾಗ ಬೇರೆ ಬರಹಗಳಿಗೆ ಹೋಲುತ್ತದೆ ಎಂದು ತಂತ್ರಾಂಶ ತೋರಿಸುವ ಪರ್ಸೆಂಟ್ ಅದು. ಆಗುವುದಿಲ್ಲ ಎಂದು ಹೇಳಿ, ಮೆತ್ತಗೆ ಹೇಳಿ. ಅವರ ಸಂಕಟವೂ ನಿಜ. ಸಲ್ಲಿಕೆಯ ಕೊನೆ ದಿನ ಎದುರಿಗೆ ನಿಂತಿರುತ್ತದೆ, ಗೈಡ್ ಫೋನ್ ಎತ್ತುವುದಿಲ್ಲ, ಕೈಗೆ ಸಿಗುವವರು ನಾವೇ.

ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ಸ್ಪಷ್ಟವಾಗಿದೆ. ಸಾಮ್ಯತೆ 10 ಶೇಕಡಾವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40ರೊಳಗೆ ಇದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಮತ್ತೆ ಕೊಡಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿ ಕೊಡಲೂ ಬಿಡುವುದಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ ಇವೆಲ್ಲ ಲೆಕ್ಕದಿಂದ ಹೊರಗೆ. 14 ಪದಗಳವರೆಗೆ ಸಾಲಾಗಿ ಹೊಂದಿಕೆಯಾದರೂ ಬಿಟ್ಟುಬಿಡಬಹುದು. ಇದರಲ್ಲಿ ತೀರ್ಮಾನ ಮಾಡುವುದು ವಿಭಾಗದ ಸಮಿತಿ ಮತ್ತು ಸಂಸ್ಥೆಯ ಸಮಿತಿ. ತಂತ್ರಾಂಶಕ್ಕೆ ಹಾಕಿ, ವರದಿ ತೆಗೆದು ಕೊಡುವುದಷ್ಟೇ ಲೈಬ್ರರಿಯ ಪಾಲು. ಈ ನಾಲ್ಕು ಹಂತಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಮೇಜಿನ ಎದುರು ಅಂಟಿಸಿ. ಅರ್ಧ ವಾದ ಅಲ್ಲೇ ನಿಲ್ಲುತ್ತದೆ.

ಕನ್ನಡ ಥೀಸಿಸ್‌ಗಳಲ್ಲಿ ಇನ್ನೊಂದು ತೊಡಕಿದೆ. ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದೆ, ಟೈಪ್ ಮಾಡಿದ ಕಡತವನ್ನು ತಂತ್ರಾಂಶ ಕನ್ನಡ ಎಂದು ಗುರುತಿಸುವುದೇ ಇಲ್ಲ. ಅದಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹೋಲಿಕೆ ಸೊನ್ನೆ ಎಂದು ಬರುತ್ತದೆ. ಆ ಸೊನ್ನೆಯನ್ನು ನಂಬಿ ಸರ್ಟಿಫಿಕೇಟ್ ಕೊಟ್ಟರೆ ನಾಳೆ ಪ್ರಶ್ನೆ ನಮ್ಮ ಕಡೆಗೇ ಬರುತ್ತದೆ. ಕನ್ನಡ ಥೀಸಿಸ್ ಯೂನಿಕೋಡಿನಲ್ಲೇ ಇರಬೇಕು ಎಂದು ನೋಂದಣಿ ಸಮಯದಲ್ಲೇ ತಿಳಿಸಲು ವಿಭಾಗಕ್ಕೆ ಪತ್ರ ಕೊಡಿ. ಐದು ವರ್ಷ ಆದ ಮೇಲೆ ಹೇಳಿದರೆ ಆ ಮಕ್ಕಳ ಗೋಳು ನೋಡಲಾಗುವುದಿಲ್ಲ.

ನಮ್ಮಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಕನ್ನಡದ ಕೆಲಸವೆಲ್ಲ ನನ್ನ ತಲೆಗೆ. ದಾರಿ ಇದೆಯಾ?

ಗಡಿನಾಡಿನ ಲೈಬ್ರರಿಗಳ ವಿಶೇಷ ಒತ್ತಡ ಇದು. ಬೇರೆ ಊರಿನ ಪುಸ್ತಕಗಳಲ್ಲಿ ಇದರ ಬಗ್ಗೆ ಓದಲು ಸಿಗುವುದಿಲ್ಲ.

ಕೆಲಸ ಹೇಗೆ ಗುಡ್ಡೆ ಬೀಳುತ್ತದೆ ನೋಡಿ. ಕನ್ನಡ ಪುಸ್ತಕದ ಖರೀದಿ ಪಟ್ಟಿ, ಕ್ಯಾಟಲಾಗ್, ಜೋಡಣೆ, ಕನ್ನಡ ಎಂಎ ಮಕ್ಕಳ ಪ್ರಶ್ನೆ, ಯಾರೋ ದಾನ ಕೊಟ್ಟ ಹಳೆಯ ಪುಸ್ತಕಗಳ ಪೆಟ್ಟಿಗೆ, ಎಲ್ಲ ಒಬ್ಬರಿಗೇ. ಅದರ ಮೇಲೆ ಉಳಿದವರಷ್ಟೇ ಮಾಮೂಲಿ ಡ್ಯೂಟಿಯೂ ಇರುತ್ತದೆ. ಆ ಒಬ್ಬರು ರಜೆ ಹಾಕಿದರೆ ಕನ್ನಡ ವಿಭಾಗಕ್ಕೇ ರಜೆ. ಹಾಗಾಗಿ ಅವರು ರಜೆಯನ್ನೇ ಹಾಕುವುದಿಲ್ಲ.

ಪುಸ್ತಕ ತಪ್ಪು ಜಾಗ ಸೇರುವುದು ದಿನನಿತ್ಯದ ತಲೆನೋವು. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಮಲಯಾಳಂ ಸಾಹಿತ್ಯ 894.812, ಕನ್ನಡ ಸಾಹಿತ್ಯ 894.814. ಕೊನೆಯ ಒಂದು ಅಂಕಿಯಷ್ಟೇ ಬೇರೆ. ಬೆನ್ನಿನ ಮೇಲಿನ ಹೆಸರು ಓದಲು ಬಾರದವರು ಅವಸರದಲ್ಲಿ ಜೋಡಿಸಿದರೆ ಎರಡು ಸಾಹಿತ್ಯವೂ ಕಲಸಿಹೋಗುತ್ತದೆ. ಅವರ ತಪ್ಪಲ್ಲ ಅದು. ಲೇಬಲ್ ಕೆಳಗೆ ಕನ್ನಡಕ್ಕೊಂದು, ಮಲಯಾಳಂಗೊಂದು, ತುಳುವಿಗೊಂದು ಬಣ್ಣದ ಪಟ್ಟಿ ಅಂಟಿಸಿ. ಯಾವ ಭಾಷೆಯವರು ಜೋಡಿಸಿದರೂ ಬಣ್ಣ ಗೊತ್ತಾಗುತ್ತದೆ. ಖರ್ಚು ತುಂಬ ಕಡಿಮೆ, ಉಳಿಯುವ ಸಮಯ ತುಂಬ ಹೆಚ್ಚು.

ಕ್ಯಾಟಲಾಗಿನಲ್ಲಿ ಇನ್ನೂ ಆಳದ ತೊಂದರೆ ಇದೆ. ನಮ್ಮ ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರನ್ನೇ ತೆಗೆದುಕೊಳ್ಳಿ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಆಗ ಒಬ್ಬರೇ ಕವಿ ನಾಲ್ಕು ಕಡೆ ಹಂಚಿಹೋಗುತ್ತಾರೆ. ವಿದ್ಯಾರ್ಥಿ ಹುಡುಕುತ್ತಾನೆ, ಸಿಗುವುದಿಲ್ಲ, ಕೌಂಟರಿಗೆ ಬರುತ್ತಾನೆ. ರ‍್ಯಾಕಿನವರೆಗೆ ನಡೆದುಹೋಗಿ ತೆಗೆದುಕೊಡುವುದು ಮತ್ತೆ ನೀವೇ. ಕೋಹಾದಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ನಡೆಯುತ್ತದೆ. ಕ್ಯಾಟಲಾಗ್ ದಾಖಲೆ ಬರೆಯುವ ಮಾರ್ಕ್ 21 ಮಾದರಿಯಲ್ಲಿ ಇನ್ನೊಂದು ಲಿಪಿಯ ರೂಪಕ್ಕಾಗಿ 880 ಎಂಬ ಫೀಲ್ಡ್ ಇದೆ. ಲೇಖಕರ ಹೆಸರಿಗೆ ಒಂದು ಖಚಿತ ರೂಪ ಗೊತ್ತುಮಾಡಿ, ಕನ್ನಡ ಲಿಪಿಯಲ್ಲೂ ಸೇರಿಸಿ, ಉಳಿದ ರೂಪಗಳಿಂದ ಅದಕ್ಕೆ ದಾರಿ ತೋರಿಸಿ. ಕಾಸರಗೋಡಿನ ಲೇಖಕರಿಂದ ಶುರು ಮಾಡಿ. ದಿನಕ್ಕೆ ಕೆಲವೇ ಹೆಸರು ಸಾಕು, ಕೆಲವು ತಿಂಗಳಲ್ಲಿ ಕೌಂಟರಿನ ಓಡಾಟ ಕಡಿಮೆಯಾಗುವುದು ನಿಮಗೇ ತಿಳಿಯುತ್ತದೆ.

ಇಷ್ಟು ಮಾಡಿದರೂ ಒಬ್ಬರಿಂದ ಆಗುವ ಕೆಲಸ ಇದಲ್ಲ. ಕನ್ನಡ ಬಲ್ಲ ಇನ್ನೊಬ್ಬರು ಬೇಕು ಎಂದು ಕೇಳುವುದು ಭಾಷೆಯ ಜಗಳ ಅಲ್ಲ, ಸಿಬ್ಬಂದಿಯ ಕೊರತೆಯ ಮಾತು. ಹಾಗೆಯೇ ಬರೆದು ಕೇಳಿ. ಮಲಯಾಳಂ ಸಹೋದ್ಯೋಗಿಗಳು ಹೆಚ್ಚಿನವರು ಜೊತೆಗೆ ನಿಲ್ಲುತ್ತಾರೆ. ನೀವು ರಜೆ ಹಾಕಿದ ದಿನ ಪರದಾಡುವವರು ಅವರೇ ಅಲ್ವಾ?

ಕಚೇರಿಗೆ ಕನ್ನಡದಲ್ಲಿ ಬರೆಯಬಹುದಾ?

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ರಾಜ್ಯ ಸರಕಾರದ ಜೊತೆ, ಸ್ಥಳೀಯ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಕನ್ನಡದಲ್ಲೇ ಸಿಗಬೇಕು. ವಿಶ್ವವಿದ್ಯಾಲಯದ ಒಳಗಿನ ಫೈಲಿಗೆ ಮಾತ್ರ ಇಂಗ್ಲಿಷ್ ಪತ್ರವೇ ಬೇಗ ಓಡುತ್ತದೆ.

ಆ ಪತ್ರ ಹೇಗಿರಬೇಕು? ದೂರು ಅನಿಸಬಾರದು.

ತುಂಬ ಕಷ್ಟ, ಆಗುತ್ತಿಲ್ಲ, ದಯವಿಟ್ಟು ನೋಡಿ ಎಂದು ಬರೆದರೆ ಆ ಪತ್ರ ಫೈಲಿನಲ್ಲಿ ಮಲಗುತ್ತದೆ. ಲೆಕ್ಕ ಕೊಟ್ಟು, ಮೇಲಿನವರಿಂದ ಒಂದು ನಿರ್ಧಾರ ಕೇಳಿ. ಹೀಗೆ:

‘ಇವತ್ತಿಗೆ ಕ್ಯಾಟಲಾಗ್ ಆಗದೆ ಉಳಿದಿರುವ ಕನ್ನಡ ಪುಸ್ತಕಗಳು ಇಷ್ಟು. ಈಗ ಇರುವ ಸಿಬ್ಬಂದಿಯಿಂದ ದಿನಕ್ಕೆ ಆಗುವುದು ಇಷ್ಟು. ನ್ಯಾಕ್ ವರದಿಯೂ ಇದೇ ತಿಂಗಳು ಮುಗಿಯಬೇಕಾಗಿದೆ. ಎರಡರಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂದು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.’

ಉತ್ತರ ಬಂದರೆ ಹೊಣೆ ಹಂಚಿಕೆಯಾಯಿತು. ಬರದಿದ್ದರೆ, ನೀವು ಕೇಳಿದ್ದಿರಿ ಎಂಬ ದಾಖಲೆ ಉಳಿಯಿತು. ಇನ್‌ವರ್ಡ್ ನಂಬರ್ ಹಾಕಿಸಿ, ಪ್ರತಿ ಇಟ್ಟುಕೊಳ್ಳಿ. ಎದುರಿಗೆ ಬಾಯಿಮಾತಲ್ಲಿ ಹೇಳಿದ ಕೆಲಸವನ್ನೂ ಅದೇ ಸಂಜೆ ಒಂದು ಸಣ್ಣ ಮೇಲ್‌ನಲ್ಲಿ ಬರೆದು ಕಳಿಸಿ: ‘ನೀವು ಹೇಳಿದ ಹಾಗೆ ಇದನ್ನು ಮಾಡುತ್ತಿದ್ದೇನೆ, ಆದ ಕಾರಣ ಅದು ಮುಂದಿನ ವಾರಕ್ಕೆ ಹೋಗುತ್ತದೆ.’

ನ್ಯಾಕ್ ಬಂದರೆ ಮನೆಗೇ ಹೋಗೋದಿಲ್ಲ ನಾವು. ತಪ್ಪಿಸಲು ಆಗುತ್ತದಾ?

ಪೂರ್ತಿ ತಪ್ಪುವುದಿಲ್ಲ. ಆದರೆ ಕೇಳುವ ಅಂಕಿಗಳು ಮೊದಲೇ ಗೊತ್ತಿರುವಂಥವು: ಐದು ವರ್ಷಗಳ ಪುಸ್ತಕ, ಜರ್ನಲ್ ಖರ್ಚು, ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಜನ ಲಾಗಿನ್ ಆದರು. ಪ್ರತಿ ತಿಂಗಳ ಕೊನೆಯ ಕೆಲಸದ ದಿನ ಮಧ್ಯಾಹ್ನ ಇದಕ್ಕೇ ಮೀಸಲಿಡಿ, ಒಂದೇ ಹಾಳೆಯಲ್ಲಿ ಬರೆದಿಡಿ. ರಾತ್ರಿ ಕೂರಿಸುವುದಾದರೆ ಬದಲಿ ರಜೆಯ ಆದೇಶವನ್ನು ಮುಂಚೆಯೇ ಕೇಳಿ. ಭೇಟಿ ಮುಗಿದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್ ಬಂತಲ್ಲ, ಕೆಲಸ ಕಡಿಮೆ ಆಗಲಿಲ್ವಾ?

2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ, ಸರಕಾರಿ ಸಂಸ್ಥೆಗಳಿಗೆಲ್ಲ ಒಂದೇ ಚಂದಾದಲ್ಲಿ ಜರ್ನಲ್ ಒದಗಿಸುವ ಯೋಜನೆ ಇದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರಕಾರಿ ಸಂಸ್ಥೆಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಮೂಲಕ ಸಿಗುತ್ತದೆ. ಓದುಗರಿಗೆ ದೊಡ್ಡ ಉಪಕಾರ, ಇದರಲ್ಲಿ ಎರಡು ಮಾತಿಲ್ಲ. ಚಂದಾ ಚೌಕಾಶಿಯ ತಲೆಬಿಸಿಯೂ ಇಳಿಯಿತು. ಆದರೆ ಬಾಯಾರಿನಿಂದಲೋ ಮುಳ್ಳೇರಿಯದಿಂದಲೋ ಹುಡುಗಿ ಫೋನ್ ಮಾಡಿ ‘ಮನೆಯಿಂದ ತೆರೆಯುತ್ತಿಲ್ಲ’ ಎಂದರೆ ಅದಕ್ಕೆ ಉತ್ತರ ಕೊಡುವ ಕೆಲಸ ಹೊಸದಾಗಿ ಸೇರಿತು. ಮನೆಯಿಂದ ಲಾಗಿನ್ ಆಗುವ ಹಂತಗಳನ್ನು ಕನ್ನಡ, ಮಲಯಾಳಂ ಎರಡರಲ್ಲೂ ಚಿಕ್ಕ ವಿಡಿಯೋ ಮಾಡಿ ಇಡಿ.

ರಾತ್ರಿ ಹತ್ತಕ್ಕೂ ವಾಟ್ಸಾಪ್ ಬರುತ್ತದೆ.

ಸ್ವಂತ ನಂಬರ್ ಓದುಗರಿಗೆ ಕೊಡಬೇಡಿ. ಲೈಬ್ರರಿಗೆಂದೇ ಒಂದು ಫೋನ್ ಕೇಳಿ, ಅದು ಲೈಬ್ರರಿಯಲ್ಲೇ ಇರಲಿ. ಈಗಾಗಲೇ ಕೊಟ್ಟಿದ್ದರೆ ಬೆಳಗ್ಗೆ ಉತ್ತರಿಸಿ, ರಾತ್ರಿ ಬೇಡ. ವಾರದೊಳಗೆ ಜನ ಒಗ್ಗಿಕೊಳ್ಳುತ್ತಾರೆ.

ಮಳೆಗಾಲದಲ್ಲಿ ಸ್ಟ್ಯಾಕ್ ಒಳಗೆ ಹೋದರೆ ಕೆಮ್ಮು ನಿಲ್ಲುವುದಿಲ್ಲ. ಇದೂ ಒತ್ತಡದ ಲೆಕ್ಕಕ್ಕೆ ಬರುತ್ತದಾ?

ಖಂಡಿತ. ಮೈ ಸರಿ ಇಲ್ಲದೆ ಮನಸ್ಸು ಹೇಗೆ ಸರಿ ಇರುತ್ತದೆ? ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ತೇವಾಂಶ 65 ಶೇಕಡಾ ದಾಟಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ಅದೇ ಸಮಯಕ್ಕೆ ಹೊಸ ಅಡ್ಮಿಶನ್, ಜೂನ್ 19ಕ್ಕೆ ಕೇರಳದ ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ನೆನಪಿನ ವಾಚನ ದಿನದ ಕಾರ್ಯಕ್ರಮ, ಎಲ್ಲ ಒಟ್ಟಿಗೆ ಬರುತ್ತದೆ.

ಬೂಷ್ಟು ಹಿಡಿದ ಪುಸ್ತಕವನ್ನು ಒಳಗೇ ಕೊಡವಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬೇರೆ ಕೋಣೆಗೆ ಒಯ್ದು ಗಾಳಿಗೆ ಒಣಗಿಸಿ, ಎನ್-95 ಮಾಸ್ಕ್ ಮತ್ತು ಗ್ಲೌಸ್ ಹಾಕಿ ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ. ರ‍್ಯಾಕ್ ಗೋಡೆಗೆ ಅಂಟಿಕೊಂಡಿರಬಾರದು. ತೇವ ಹೀರುವ ಯಂತ್ರಕ್ಕೆ ಏಪ್ರಿಲ್‌ನಲ್ಲೇ ಬೇಡಿಕೆ ಕೊಡಿ. ಮಾಸ್ಕ್, ಗ್ಲೌಸ್ ಕೂಡ ಲೈಬ್ರರಿಯ ಖರ್ಚಿನಲ್ಲೇ ಬರಬೇಕು. ನಾನು ಕೆಲಸ ಮಾಡಿದ ಒಂದು ಕಡೆ ಕಂಪ್ಯೂಟರ್ ಕೋಣೆಗೆ ಎಸಿ ಇತ್ತು, ಹಳೆಯ ಕನ್ನಡ ಪತ್ರಿಕೆಗಳ ಕೋಣೆಗೆ ಫ್ಯಾನೂ ಇರಲಿಲ್ಲ. ಅಲ್ಲಿ ಕೆಲಸ ಮಾಡುವವರ ಉಸಿರಾಟದ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ. ಉಬ್ಬಸ ಇರುವವರು ಡಾಕ್ಟರ ಚೀಟಿ ಕೊಟ್ಟು ಆ ಕೆಲಸದಿಂದ ಬದಲಾವಣೆ ಕೇಳಿ.

ನಾನು ಗುತ್ತಿಗೆಯವಳು. ಇದೆಲ್ಲ ಕೇಳಿದರೆ ಮುಂದಿನ ವರ್ಷ ಕೆಲಸ ಇರುತ್ತದಾ ಅಂತ ಹೆದರಿಕೆ.

ನಿಮ್ಮ ಹೆದರಿಕೆಗೆ ಕಾರಣ ಇದೆ. ಒಬ್ಬರೇ ಕೇಳಬೇಡಿ. ಬೇಡಿಕೆ ಲೈಬ್ರರಿಯ ಹೆಸರಲ್ಲಿ, ಕಾಯಂ ನೌಕರರ ಸಹಿಯಲ್ಲಿ ಹೋಗಲಿ. ಕಾಯಂ ಆಗಿರುವ ನಮ್ಮಂಥವರು ಇದನ್ನು ನಮ್ಮ ಜವಾಬ್ದಾರಿ ಎಂದೇ ಒಪ್ಪಬೇಕು. ಹೆರಿಗೆ ರಜೆಯ ಬಗ್ಗೆ ಹಲವರು ಕೇಳುತ್ತಾರೆ. ಕಾನೂನು 26 ವಾರ ಕೊಡುತ್ತದೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಗುತ್ತಿಗೆ ಅವಧಿ ಮುಗಿಯಿತು ಎಂಬ ಕಾರಣಕ್ಕೆ ಈ ಸೌಲಭ್ಯ ನಿಲ್ಲಿಸಬಾರದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಯೋಗ ಶಿಬಿರ ಮಾಡಿಸಿದರೆ ಸರಿ ಹೋಗುವುದಿಲ್ವಾ?

ಯೋಗ ಒಳ್ಳೆಯದು. ಖಾಲಿ ಹುದ್ದೆ ಅದರಿಂದ ತುಂಬುವುದಿಲ್ಲ.

ಮನಸ್ಸು ತೀರಾ ಕುಗ್ಗಿದೆ. ಕನ್ನಡದಲ್ಲಿ ಯಾರ ಹತ್ತಿರ ಮಾತಾಡಲಿ?

ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ನಂಬರ್ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಉಚಿತ. ಭಾಷೆ ಆರಿಸುವಾಗ ಕನ್ನಡ ಸಿಗುತ್ತದೆ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರ್ 1056. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರರನ್ನು ಸರಕಾರಿ ಆಸ್ಪತ್ರೆಯ ಮೂಲಕ ಕಾಣಬಹುದು. ಬದುಕೇ ಬೇಡ ಎಂಬ ಯೋಚನೆ ಬಂದರೆ ನಾಳೆಗೆ ಇಡಬೇಡಿ, ಈಗಲೇ ಫೋನ್ ಮಾಡಿ, ಹತ್ತಿರದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಊರು ಸಣ್ಣದು, ಯಾರಾದರೂ ನೋಡಿದರೆ ಎಂಬ ಅಂಜಿಕೆ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಎನ್ನುತ್ತದೆ.

ಮಗಳು ಎಂಲಿಸ್ (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮಾಡುತ್ತೇನೆ ಎನ್ನುತ್ತಾಳೆ. ಇಷ್ಟೆಲ್ಲ ಓದಿದ ಮೇಲೆ ಕಳಿಸಬೇಕಾ?

ಕಳಿಸಿ. ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಲೈಬ್ರೇರಿಯನ್ ಹುದ್ದೆಗೆ ಈ ವಿಷಯದಲ್ಲಿ ನೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರುವುದು ಸಾಮಾನ್ಯವಾಗಿ ಬೇಕು, ಅದಕ್ಕೆ ಮೊದಲ ವರ್ಷದಿಂದಲೇ ಓದಲಿ. ಕೋಹಾ ಮತ್ತು ಡಿಜಿಟಲ್ ಸಂಗ್ರಹಕ್ಕೆ ಬಳಸುವ ಡಿಸ್ಪೇಸ್ ತಂತ್ರಾಂಶ ಎರಡನ್ನೂ ಮನೆಯ ಕಂಪ್ಯೂಟರಿನಲ್ಲೇ ಉಚಿತವಾಗಿ ಹಾಕಿ ಕಲಿಯಬಹುದು. ಕನ್ನಡ, ಮಲಯಾಳಂ ಎರಡೂ ಓದಿ ಬರೆಯಲು ಬರುವವರು ನಮ್ಮ ಕಡೆಯ ಲೈಬ್ರರಿಗಳಿಗೆ ಬೇಕೇ ಬೇಕು. ಸೇರುವ ಮುಂಚೆ ಒಂದು ವಾರ ಹತ್ತಿರದ ಕಾಲೇಜು ಲೈಬ್ರರಿಗೆ ಕಳಿಸಿ ನೋಡಿ, ಸ್ಟಾಕ್ ವೆರಿಫಿಕೇಶನ್ ನಡೆಯುವ ವಾರವಾದರೆ ಇನ್ನೂ ಒಳ್ಳೆಯದು.